ಗಾಡಿ-ಮನೆಯ ಮೆಟ್ಟಿಲು ಬದಲಿಸುವ ಮೊದಲು: ರಬ್ಬರ್ ಅಲ್ಲ, ಬ್ರಾಕೆಟ್ ನೋಡಿ

ಹಿಂದಿನ ಸಂಚಿಕೆಯಲ್ಲಿ ಮೋಟರ್‌ಹೋಮ್‌ನ ನೀರಿನ ಟ್ಯಾಂಕ್ ಬಗ್ಗೆ ಮಾತಾಡಿದ್ವಿ. ಈ ಸಲ ಸೋಲಾರ್ ಬಗ್ಗೆ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ. ಅದನ್ನು ಮುಂದಕ್ಕೆ ಹಾಕಿದೀನಿ, ಕ್ಷಮೆ ಇರಲಿ. ಯಾಕೆ ಅಂದ್ರೆ ಮಧ್ಯೆ ಮನೆಯಲ್ಲಿ ಒಂದು ಘಟನೆ ಆಯ್ತು. ಅದಕ್ಕೆ ಕಾರಣ ನಾನೇ. ಹಾಗಾಗಿ ಇವತ್ತಿನ ವಿಷಯ ಗಾಡಿ ಹತ್ತುವ ಮೆಟ್ಟಿಲು.

ಹೊಸದಾಗಿ ಕೇಳ್ತಿರೋರಿಗೆ ಒಂದು ಮಾತು. ನಮ್ಮದು ತಳಕು. ತಾಲ್ಲೂಕು ಚಳ್ಳಕೆರೆ, ಓಟು ಹಾಕೋದು ಮೊಳಕಾಲ್ಮೂರು ಕ್ಷೇತ್ರಕ್ಕೆ. ನನ್ನ ಗಾಡಿ ಸೆಕೆಂಡ್ ಹ್ಯಾಂಡ್ ಟೆಂಪೋ ಟ್ರಾವೆಲರ್. ಒಳಗಿನ ಸೀಟೆಲ್ಲ ತೆಗೆಸಿ ಮಂಚ, ಸಿಂಕ್, ಗ್ಯಾಸ್ ಒಲೆ, ರೆಕಾರ್ಡಿಂಗ್‌ಗೆ ಒಂದು ಮೂಲೆ ಮಾಡಿಸಿದ್ದು. ನಮ್ಮವ್ವ ಅದಕ್ಕೆ ಇಟ್ಟ ಹೆಸರು ಗಾಡಿ-ಮನೆ.

ಕಳೆದ ಜಾತ್ರೆಗೆ ನಾಯಕನಹಟ್ಟಿಗೆ ಗಾಡಿಯಲ್ಲೇ ಹೋಗಿದ್ವಿ. ತಿಪ್ಪೇರುದ್ರಸ್ವಾಮಿ ತೇರಿನ ದಿನ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ, ಗೊತ್ತಲ್ಲ. ದೂರದಲ್ಲಿ ಒಂದು ಹೊಲದ ಬದಿಗೆ ನಿಲ್ಲಿಸಿದ್ದೆ. ರಾತ್ರಿ ಅವ್ವ ಚೊಂಬು ಹಿಡಕೊಂಡು ಕೆಳಗೆ ಇಳಿಯೋವಾಗ ಮೆಟ್ಟಿಲಿನ ಒಂದು ಕಡೆ ಕಳಚಿ ಕೆಳಕ್ಕೆ ಜೋತು ಬಿತ್ತು. ಮೊಣಕಾಲ ಕೆಳಗೆ ಚರ್ಮ ಕಿತ್ತಿತು, ಎಡಗೈ ಮಣಿಕಟ್ಟು ಬಿರುಕು ಬಿಟ್ಟಿತು. ಆರು ವಾರ ಪಟ್ಟಿ.

ಬೇಜಾರಿನ ವಿಷಯ ಇನ್ನೂ ಇದೆ. ಅದೇ ಮೆಟ್ಟಿಲನ್ನ ನಾನು ಅದಕ್ಕೂ ಮುಂಚೆ ಎರಡು ಸಲ "ರಿಪೇರಿ" ಮಾಡಿಸಿದ್ದೆ! ಮೇಲಿನ ರಬ್ಬರ್ ಸವೆದು ನುಣ್ಣಗಾಗಿತ್ತು, ಬದಲಿಸಿದೆ. ಒಂದು ಸಲಕ್ಕೆ 350 ರೂಪಾಯಿ. ಅವ್ವ ಎರಡು ತಿಂಗಳ ಹಿಂದೆಯೇ "ಏನೋ ಅಲ್ಲಾಡ್ತೈತಪ್ಪ ಇದು" ಅಂದಿದ್ರು. ನಾನು ಹತ್ತಿ ಕುಣಿದು ತೋರಿಸಿದ್ದೆ, "ನೋಡವ್ವ, ಏನೂ ಆಗಲ್ಲ" ಅಂತ. ಕುಣಿದದ್ದು ಮೆಟ್ಟಿಲಿನ ಒಳಗಡೆ ಅಂಚಲ್ಲಿ. ಅವ್ವ ಕಾಲಿಡೋದು ಹೊರಗಡೆ ಅಂಚಲ್ಲಿ. ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದು ಆಮೇಲೆ ಗೊತ್ತಾಯ್ತು.

ಲೆಕ್ಕ ಹೇಳ್ತೀನಿ. ನಾನು ಬಿ.ಕಾಂ., ಇಂಜಿನಿಯರ್ ಅಲ್ಲ, ಆದ್ರೆ ಇದು ಬಡ್ಡಿ ಲೆಕ್ಕದಷ್ಟೇ ಸುಲಭ. ಮೆಟ್ಟಿಲು ಗಾಡಿಯ ಕೆಳಗಿಂದ ಹೊರಕ್ಕೆ ಚಾಚಿ ನಿಂತಿರುತ್ತೆ, ಗೋಡೆಗೆ ಹೊಡೆದ ಶೆಲ್ಫ್ ಥರ. ಹಿಡಿದಿರೋದು ಎರಡು ಬ್ರಾಕೆಟ್, ಒಂದೊಂದಕ್ಕೂ ಮೇಲೊಂದು ಕೆಳಗೊಂದು ಬೋಲ್ಟ್. 80 ಕೆ.ಜಿ. ತೂಕದವರು ಬೋಲ್ಟ್‌ನಿಂದ 25 ಸೆಂಟಿಮೀಟರ್ ಆಚೆ, ಹೊರಗಿನ ಅಂಚಲ್ಲಿ, ಕಾಲಿಟ್ರು ಅಂದ್ಕೊಳ್ಳಿ. ಮೇಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ ಮಧ್ಯೆ 5 ಸೆಂಟಿಮೀಟರ್ ಅಂತರ. ಆಗ ಮೇಲಿನ ಬೋಲ್ಟ್‌ಗಳನ್ನ ಹೊರಕ್ಕೆ ಕೀಳೋ ಎಳೆತ 80 ಗುಣಿಸು 25, ಭಾಗಿಸು 5. ಅಂದ್ರೆ 400 ಕೆ.ಜಿ. ಅಸಲು 80, ಬಡ್ಡಿ ಸೇರಿ 400. ಮನುಷ್ಯರು ನಿಧಾನಕ್ಕೆ ಕಾಲಿಡಲ್ಲ, ಇಳಿಯೋವಾಗ ಧಪ್ ಅಂತ ಬೀಳ್ತಾರೆ. ಆ ಒಂದು ಕ್ಷಣಕ್ಕೆ ಭಾರ ಸುಮಾರು ಎರಡರಷ್ಟಾಗಬಹುದು.

ಈಗ ಬೋಲ್ಟ್‌ಗಳ ಅಂತರವನ್ನ 15 ಸೆಂಟಿಮೀಟರ್ ಮಾಡಿ. 80 ಗುಣಿಸು 25 ಭಾಗಿಸು 15, ಸುಮಾರು 133 ಕೆ.ಜಿ. ಅಷ್ಟೇ. ಅದೇ ಕಬ್ಬಿಣ, ಅದೇ ಬೋಲ್ಟ್, ಬ್ರಾಕೆಟ್ ಸ್ವಲ್ಪ ಉದ್ದ ಮಾಡಿದ್ದಕ್ಕೆ ಎಳೆತ ಮೂರನೇ ಒಂದು ಭಾಗಕ್ಕೆ ಇಳೀತು. ನನ್ನ ಗಾಡಿ ಕಟ್ಟಿಕೊಟ್ಟವರು ಇಟ್ಟಿದ್ದ ಅಂತರ ಆ 5 ಸೆಂಟಿಮೀಟರ್. ಅವರು ಯಾರು, ಎಲ್ಲಿಯವರು ಅನ್ನೋದು ಇಲ್ಲಿ ಬೇಡ. ಕೆಳಗೆ ಬಗ್ಗಿ ನೋಡದೆ ದುಡ್ಡು ಕೊಟ್ಟವನು ನಾನು.

ಸರಿ, ಚಳ್ಳಕೆರೆಗೆ ಗಾಡಿ ತಗೊಂಡು ಹೋದೆ. ಟ್ರ್ಯಾಕ್ಟರ್ ಟ್ರೇಲರ್, ಗೇಟು ಮಾಡೋ ವೆಲ್ಡಿಂಗ್ ಶಾಪ್. ಆಡಿಯೊದಲ್ಲಿ ಟಣ್ ಟಣ್ ಅಂತ ಸದ್ದು ಕೇಳಿಸಿಕೊಂಡ್ರಲ್ಲ, ಅದು ಅಲ್ಲೇ ರೆಕಾರ್ಡ್ ಮಾಡಿದ್ದು. ಆ ಅಣ್ಣ ಕೇಳಿದ ಮೊದಲ ಪ್ರಶ್ನೆ, "ಗಾಡಿ ಸಮುದ್ರದ ಕಡೆ ಹೋಗಿತ್ತಾ?" ಹೋಗಿತ್ತು, ಗೋಕರ್ಣ, ಮುರುಡೇಶ್ವರ, ಹದಿನೈದು ದಿನ. "ವಾಪಸ್ ಬಂದ ಮೇಲೆ ಅಡಿಗೆ ನೀರು ಹೊಡೆದ್ಯಾ?" ಇಲ್ಲ. ಮೇಲೆ ಮಾತ್ರ ತೊಳೆದಿದ್ದೆ.

ನನಗೊಂದು ಅನುಮಾನ ಇತ್ತು. ನಮ್ಮದು ಮಳೆ ಕಮ್ಮಿ ಇರೋ ಸೀಮೆ, ಶೇಂಗಾ ಬೆಳೆಗೂ ಮಳೆ ಸಾಲದ ಊರು, ಇಲ್ಲಿ ಕಬ್ಬಿಣ ಇಷ್ಟು ತುಕ್ಕು ಹಿಡಿಯೋದು ಹೇಗೆ? ಅಣ್ಣ ಹಳೇ ರಬ್ಬರ್ ಕಿತ್ತು ತೋರಿಸಿದ್ರು. ಕೆಳಗೆ ಕೆಂಪು ಪುಡಿ, ಅದೂ ಒದ್ದೆ. ಸಿಂಕಿನ ನೀರು ಹೊರಗೆ ಬಿಡೋ ಪೈಪು ಮೆಟ್ಟಿಲಿನ ಪಕ್ಕಕ್ಕೇ ಇದೆ. ಅದರ ಮೇಲೆ ನಾವು ಕಾಲು ತೊಳೆದು ಹತ್ತೋರು. ನೀರು ರಬ್ಬರ್ ಅಡಿಗೆ ಇಳಿದು ಆರದೆ ಕೂರುತ್ತೆ. ಜೊತೆಗೆ ಕರಾವಳಿ ಉಪ್ಪು. ನಾನು ಗಟ್ಟಿಯಾಗಿ ಅಂಟಿಸಿದ ಹೊಸ ರಬ್ಬರ್ ನೀರನ್ನ ಇನ್ನೂ ಭದ್ರವಾಗಿ ಒಳಗೆ ಹಿಡಿದಿಟ್ಟಿತ್ತು. ಅಂದ್ರೆ ಎರಡನೇ 350 ರೂಪಾಯಿ ತುಕ್ಕಿಗೆ ಕೊಟ್ಟ ಸಾಲ.

ಇನ್ನೊಂದು, ಬ್ರಾಕೆಟ್ ಮಾಡಿದ್ದು ಸ್ಕ್ವೇರ್ ಪೈಪಲ್ಲಿ. ಹೊರಗಿಂದ ಪೇಂಟ್ ಚೆನ್ನಾಗೇ ಇತ್ತು. ಸ್ಕ್ರೂಡ್ರೈವರ್ ತುದಿ ಒತ್ತಿದ್ರೆ ಒಳಕ್ಕೆ ಹೋಯ್ತು, ಹಪ್ಪಳದ ಥರ. ಪೈಪಿನ ಬಾಯಿ ಮುಚ್ಚಿರಲಿಲ್ಲ, ಒಳಗೆ ಮಣ್ಣು, ನೀರು ಸೇರಿ ಒಳಗಿನಿಂದಲೇ ತಿಂದಿತ್ತು.

ಹಾಗಾದ್ರೆ ನಿಮ್ಮ ಗಾಡಿ ನೋಡೋದು ಹೇಗೆ? ಮೋಟರ್‌ಹೋಮೇ ಆಗಬೇಕಿಲ್ಲ. ಶಾಲೆ ವ್ಯಾನು, ಟೀರ್ಥಯಾತ್ರೆ ಟಿಟಿ, ಊರೂರಿಗೆ ಹೋಗೋ ಆರೋಗ್ಯ ಶಿಬಿರದ ಗಾಡಿ, ಎಲ್ಲಕ್ಕೂ ಇದೇ. ಒಂದು ಗೋಣಿಚೀಲ ಹಾಸಿ ಮಲಗಿ, ಟಾರ್ಚ್ ಹಿಡಿದು ಕೆಳಗಿಂದ ನೋಡಿ. ಬೋಲ್ಟ್ ಸುತ್ತ, ವೆಲ್ಡಿಂಗ್ ಕೂಡಿದ ಜಾಗದಲ್ಲಿ ಕೂದಲೆಳೆ ಬಿರುಕು ಇದೆಯಾ, ಅಲ್ಲಿಂದ ಕಂದು ಬಣ್ಣ ಸೋರಿದ ಗುರುತು ಇದೆಯಾ ನೋಡಿ. ಸ್ಕ್ರೂಡ್ರೈವರಲ್ಲಿ ಚುಚ್ಚಿ. ಸುತ್ತಿಗೆಯಿಂದ ಮೆಲ್ಲಗೆ ಬಡಿದ್ರೆ ಗಟ್ಟಿ ಕಬ್ಬಿಣ ಗಂಟೆ ಥರ ಟಣ್ ಅನ್ನುತ್ತೆ, ತಿಂದು ಹೋದದ್ದು ಡಬ್ ಅನ್ನುತ್ತೆ. ಮಡಚೋ ಮೆಟ್ಟಿಲಾದ್ರೆ ಪಿನ್ನು ಕೂರೋ ತೂತು ದುಂಡಗಿದೆಯೋ ಮೊಟ್ಟೆ ಆಕಾರಕ್ಕೆ ಬಂದಿದೆಯೋ ನೋಡಿ. ಕೊನೆಗೆ ಒಬ್ಬರನ್ನ ಮೇಲೆ ನಿಲ್ಲಿಸಿ, ಹೊರಗಿನ ಅಂಚಲ್ಲಿ. ಇನ್ನೊಬ್ಬರು ಪಕ್ಕಕ್ಕೆ ನಿಂತು ಬೋಲ್ಟ್ ಹತ್ರ ಕಣ್ಣಿಡಲಿ, ಮೆಟ್ಟಿಲಿನ ಅಡಿಗೆ ಮಾತ್ರ ತಲೆ ಹಾಕಬೇಡಿ. ಅಲ್ಲಿ ಕಬ್ಬಿಣ ಬಾಯಿ ತೆಗೆದು ಮುಚ್ಚಿದ ಹಾಗೆ ಕಂಡ್ರೆ ಅವತ್ತಿಂದ ಆ ಮೆಟ್ಟಿಲು ಬಳಸಬೇಡಿ, ಒಂದು ಸ್ಟೂಲ್ ಇಟ್ಕೊಳ್ಳಿ.

ಇನ್ನು ಹೊಸದು ಮಾಡಿಸೋ ವಿಷಯ. ಹಳೇ ಮೆಟ್ಟಿಲು ಹೇಗಿತ್ತೋ ಹಾಗೇ ಮಾಡಿಸಿದ್ರೆ ಮುಗೀತಿತ್ತು. ಆದ್ರೆ ಟೇಪ್ ಹಿಡಿದು ಅಳೆದಾಗ ಇನ್ನೊಂದು ತಪ್ಪು ಕಂಡಿತು. ನೆಲದಿಂದ ಗಾಡಿಯ ಫ್ಲೋರಿಗೆ 72 ಸೆಂಟಿಮೀಟರ್. ಇದ್ದದ್ದು ಒಂದೇ ಮೆಟ್ಟಿಲು, ನೆಲದಿಂದ 40 ಸೆಂಟಿಮೀಟರ್ ಎತ್ತರಕ್ಕೆ. ಅಲ್ಲಿಂದ ಮೇಲಕ್ಕೆ ಮತ್ತೆ 32. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ವಾಸದ ಮನೆಯ ಮೆಟ್ಟಿಲಿನ ಎತ್ತರ 19 ಸೆಂಟಿಮೀಟರ್ ಮೀರಬಾರದು, ಕಾಲಿಡೋ ಅಗಲ 25 ಸೆಂಟಿಮೀಟರ್ ಆದ್ರೂ ಇರಬೇಕು ಅಂತಿದೆ. ನಾನು ಮನೆ ಅಂತ ಕರೆಯೋ ಗಾಡಿಯಲ್ಲಿ ಅರವತ್ತು ದಾಟಿದವರನ್ನ ಅದರ ಎರಡರಷ್ಟು ಎತ್ತರಕ್ಕೆ ಹತ್ತಿಸ್ತಿದ್ದೆ, ಅದೂ ಸೀರೆ ಉಟ್ಟು, ಒಂದು ಕೈಯಲ್ಲಿ ಚೊಂಬು. ಬೆಂಗಳೂರಿನ ವಜ್ರ ಬಸ್ ಹತ್ತಿದವರಿಗೆ ಗೊತ್ತು, ಅದರ ನೆಲವೇ ತಗ್ಗು, ಅಜ್ಜಿಯರೂ ಆರಾಮಾಗಿ ಒಳಗೆ ಬರ್ತಾರೆ. ನಮ್ಮ ಕೆಂಪು ಬಸ್ಸಿಗೆ ಮೊದಲ ಮೆಟ್ಟಿಲಲ್ಲೇ ಕಂಬಿ ಹಿಡಿದು ಎಳಕೋಬೇಕು.

ಹಾಗಾದ್ರೆ ಮೆಟ್ಟಿಲು ತಗ್ಗಿಸಿದ್ರೆ ಆಯ್ತಲ್ಲ ಅಂತೀರಿ. ತಗ್ಗಿಸಿದ್ರೆ ಹಂಪ್‌ಗೆ ಬಡಿಯುತ್ತೆ. ನಮ್ಮೂರ ಮೇಲೆ ಹಾದು ಹೋಗೋ ಬಳ್ಳಾರಿ–ಹಿರಿಯೂರು ಹೆದ್ದಾರಿ, 150ಎ, ಅದರಲ್ಲೇ ಹೋಗೋದಾದ್ರೆ ಚಿಂತೆ ಇಲ್ಲ. ಹೆದ್ದಾರಿ ಬಿಟ್ಟು ಹಳ್ಳಿ ದಾರಿಗೆ ಇಳಿದ್ರೆ ಕಥೆನೇ ಬೇರೆ. ಮೋಟರ್‌ಹೋಮ್ ಮೆಟ್ಟಿಲಿನ ಎಲ್ಲ ತಲೆನೋವೂ ಇಷ್ಟೇ: ನಿಂತಾಗ ತಗ್ಗಿರಬೇಕು, ಓಡೋವಾಗ ಎತ್ತರಕ್ಕಿರಬೇಕು.

ಇದಕ್ಕೆ ವಿದೇಶದಲ್ಲಿ ಮಾಡಿರೋದು ಕರೆಂಟ್ ಮೆಟ್ಟಿಲು. ಬಾಗಿಲು ತೆಗೆದ್ರೆ ತಾನೇ ಹೊರಗೆ ಬರುತ್ತೆ, ಮುಚ್ಚಿದ್ರೆ ಒಳಗೆ ಹೋಗುತ್ತೆ. ನೋಡೋಕೆ ಭಲೇ ಚೆಂದ. ಆದ್ರೆ ಅಲ್ಲೂ ಸವೆಯೋದು ಕೀಲಿನ ಪಿನ್ನು, ಬುಷ್ಷು, ಕೈಕೊಡೋದು ಮೋಟರು, ವೈರಿಂಗು. ನಮ್ಮ ಧೂಳಿಗೆ, ಇಲ್ಲಿ ಸಿಗೋ ಮೆಕ್ಯಾನಿಕ್‌ಗೆ ಅದು ಹೊಂದಲ್ಲ ಅನ್ನೋದು ನನ್ನ ಅಭಿಪ್ರಾಯ. ಹಾಕಿಸಿಕೊಂಡೋರು ಬೇಜಾರು ಮಾಡ್ಕೋಬೇಡಿ. ಸುಮ್ಮನೆ ಒಂದು ಮರದ ಪೆಟ್ಟಿಗೆ ಕೆಳಗೆ ಇಡೋದು ಎಲ್ಲಕ್ಕಿಂತ ಅಗ್ಗ, ಆದ್ರೆ ಇಳಿಜಾರಲ್ಲಿ ಅದು ವಾಲುತ್ತೆ, ಹೊರಡೋವಾಗ ಮರೆತು ಬಿಟ್ಟು ಬರ್ತೀವಿ. ನಾನು ಎರಡು ಬಿಟ್ಟು ಬಂದಿದೀನಿ.

ಕೊನೆಗೆ ಮಾಡಿಸಿದ್ದು ಹೀಗೆ. 72ನ್ನ ಮೂರು ಸಮಭಾಗ ಮಾಡಿದ್ವಿ, ಒಂದೊಂದು 24. ನೆಲದಿಂದ 48ಕ್ಕೆ ಒಂದು ಕಾಯಂ ಮೆಟ್ಟಿಲು. 24ಕ್ಕೆ ಇನ್ನೊಂದು, ಅದು ಕೀಲಿನ ಮೇಲೆ ಮಡಚಿ ಮೇಲಿನದರ ಅಡಿಗೆ ಸೇರುತ್ತೆ, ಒಂದು ಪಿನ್ನು ಹಾಕಿ ಲಾಕ್. 19 ಅಲ್ಲ, 24. ಮೂರು ಮೆಟ್ಟಿಲು ಹಾಕಿದ್ರೆ 18ಕ್ಕೆ ಬರ್ತಿತ್ತು, ಮಡಚೋಕೆ ಜಾಗ ಸಾಲಲಿಲ್ಲ. ಎತ್ತರಗಳು ಸಮ ಇರೋದು ಮುಖ್ಯ. ಒಂದು 40, ಒಂದು 32 ಇದ್ದಾಗ ಕತ್ತಲಲ್ಲಿ ಕಾಲಿಗೆ ಅಂದಾಜು ಸಿಗಲ್ಲ.

ಬ್ರಾಕೆಟ್‌ಗೆ ಪೈಪ್ ಬೇಡ ಅಂದೆ, ಆಂಗ್ಲರ್ ಹಾಕಿಸಿದೆ. ಆಂಗ್ಲರ್ ಎರಡೂ ಕಡೆ ತೆರೆದಿರುತ್ತೆ, ತುಕ್ಕು ಹಿಡಿದ್ರೆ ಕಣ್ಣಿಗೆ ಕಾಣುತ್ತೆ. ಬೋಲ್ಟ್ 10 ಎಂಎಂ, ತಲೆ ಮೇಲೆ 8.8 ಅಂತ ಕೆತ್ತಿರೋದು, ಅಲುಗಾಟಕ್ಕೆ ಬಿಚ್ಚಿಕೊಳ್ಳದ ಹಾಗೆ ನೈಲಾಕ್ ನಟ್. ಮೇಲಿನ ಕೆಳಗಿನ ಬೋಲ್ಟ್ ಅಂತರ 15 ಸೆಂಟಿಮೀಟರ್. ಗಾಡಿ ಚಾಸಿಗೆ ನೇರ ವೆಲ್ಡಿಂಗ್ ಮಾಡಿಸಬೇಡಿ, ಆ ಕಾವಿಗೆ ಚಾಸಿಯ ಕಬ್ಬಿಣವೇ ಆ ಜಾಗದಲ್ಲಿ ಬಲ ಕಳಕೊಳ್ಳಬಹುದು. ಸಿಕ್ಕಲ್ಲಿ ಹೊಸ ತೂತು ಕೊರೆಯೋದೂ ಬೇಡ, ಕಂಪನಿ ಬಿಟ್ಟಿರೋ ತೂತುಗಳಿಗೇ ಬೋಲ್ಟ್ ಹಾಕಿ. ಆದಷ್ಟು ಬ್ರಾಕೆಟ್ ಬಿಚ್ಚಿ ತೆಗೆದು, ಗಾಡಿಯಿಂದ ದೂರ ವೆಲ್ಡ್ ಮಾಡಿಸಿ. ಗಾಡಿ ಮೇಲೇ ಮಾಡಲೇಬೇಕು ಅಂದ್ರೆ ಬ್ಯಾಟರಿಯ ನೆಗೆಟಿವ್ ತೆಗೀರಿ. ಮನೆ ಬಳಕೆಗೆ ಇಟ್ಟಿರೋ ಎರಡನೇ ಬ್ಯಾಟರಿದೂ ಸೇರಿಸಿ. ಗ್ಯಾಸ್ ಸಿಲಿಂಡರ್ ಹೊರಗೆ, ದೂರ. ಬಾಗಿಲ ಹತ್ತಿರದ ಪ್ಲೈವುಡ್, ಫೋಮ್‌ಗೆ ಒದ್ದೆ ಗೋಣಿ. ಡೀಸೆಲ್ ಟ್ಯಾಂಕ್ ಎಲ್ಲಿದೆ ಅಂತ ಕೆಲಸ ಶುರು ಮಾಡೋ ಮೊದಲೇ ತೋರಿಸಿ.

ಮೇಲಿನ ತಗಡಿನ ಬಗ್ಗೆ ತುಂಬಾ ಯೋಚನೆ ಮಾಡಿದೆ. ಯೂಟ್ಯೂಬ್ ತುಂಬಾ ವಿದೇಶದವರ ವಿಡಿಯೋ. ಅವರು ಹೇಳೋದು ಚೂಪು ಚೂಪು ಇರೋ ಕಬ್ಬಿಣದ ಜಾಲಿ ಹಾಕಿ, ಮಣ್ಣು ಕೆಳಗೆ ಉದುರುತ್ತೆ, ಜಾರಲ್ಲ ಅಂತ. ನಿಜವೇ, ಆದ್ರೆ ಅವರು ಬೂಟು ಹಾಕ್ಕೊಂಡು ಹತ್ತೋರು. ನಮ್ಮಲ್ಲಿ ಚಪ್ಪಲಿ ಎಲ್ಲಿ ಬಿಡ್ತೀವಿ? ಮೆಟ್ಟಿಲ ಬುಡದಲ್ಲಿ. ಅಲ್ಲಿಂದ ಮೇಲೆ ಬರಿಗಾಲು. ಆ ಜಾಲಿ ಮೇಲೆ ಬರಿಗಾಲಿಟ್ಟು ನೋಡಿ, ಗೊತ್ತಾಗುತ್ತೆ. ಚೆಕರ್ ಪ್ಲೇಟ್ ಪರವಾಗಿಲ್ಲ ಅಂದ್ರೆ ನಮ್ಮ ಏಪ್ರಿಲ್ ಬಿಸಿಲಿಗೆ ಅದು ದೋಸೆ ಹಂಚು. ಅಲ್ಯೂಮಿನಿಯಂ ಚೆಕರ್ ಹಗುರ, ತುಕ್ಕಿಲ್ಲ, ಆದ್ರೆ ಕಬ್ಬಿಣದ ಬೋಲ್ಟು, ಉಪ್ಪು ನೀರು ಸೇರಿದ್ರೆ ಕೂಡಿದ ಜಾಗದಲ್ಲಿ ಬಿಳಿ ಪುಡಿ ಎದ್ದು ಸವೆಯುತ್ತೆ. ಕರಾವಳಿಗೆ ಹೋಗೋರು ಮಧ್ಯೆ ರಬ್ಬರ್ ವಾಷರ್ ಕೊಡಿಸಿ.

ನಾನು ಹಾಕಿಸಿದ್ದು 3 ಎಂಎಂ ಕಬ್ಬಿಣದ ಚೆಕರ್ ಪ್ಲೇಟ್, 60 ಸೆಂಟಿಮೀಟರ್ ಉದ್ದ, 25 ಅಗಲ, ಒಂದೊಂದು ಸುಮಾರು 4 ಕೆ.ಜಿ. ಬೀಳುತ್ತೆ. ಅದರಲ್ಲಿ ನೀರು ಇಳಿಯೋಕೆ ತೂತು. ಮೇಲೆ ರಬ್ಬರ್, ಈ ಸಲ ಇಡೀ ಹಾಸು ಅಲ್ಲ, ಮೂರು ಪಟ್ಟಿ, ಮಧ್ಯೆ ಸಂದು ಬಿಟ್ಟು, ಅಂಟಿನ ಬದಲು ಬೋಲ್ಟಲ್ಲಿ. ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡಬಹುದು. ಅಂಚಿಗೆ ಹಳದಿ ಪೇಂಟ್, ರಾತ್ರಿ ಕಾಣಲಿ ಅಂತ. ಉಳಿದದ್ದಕ್ಕೆ ರೆಡ್ ಆಕ್ಸೈಡ್, ಅದರ ಮೇಲೆ ಕರಿ ಎನಾಮಲ್. ಬಾಗಿಲ ಎರಡೂ ಬದಿಗೆ ಹಿಡಿಕೆ. ಒಂದೇ ಸಾಕು ಅಂದಿದ್ದೆ, ಅಣ್ಣನೇ ಬೈದ್ರು, "ಅಮ್ಮನ ಎಡಗೈ ಹಿಂಗಾಗೈತೆ, ಇಳಿಯೋವಾಗ ಯಾವ ಕೈಲಿ ಹಿಡೀತಾರೆ ಹೇಳು?" ಸಿಂಕಿನ ಪೈಪನ್ನ ಗಾಡಿಯ ಆಚೆ ಬದಿಗೆ ತಿರುಗಿಸಿದ್ವಿ. ಅಸಲಿಗೆ ಇಡೀ ಕೆಲಸದಲ್ಲಿ ಅತಿ ಉಪಯೋಗದ ಬದಲಾವಣೆ ಇದೇ ಇರಬಹುದು, ಅರ್ಧ ಗಂಟೆ ಹಿಡೀತು.

ಖರ್ಚು ಎಷ್ಟು ಅಂತ ಕೇಳೇ ಕೇಳ್ತೀರಿ. ಕಬ್ಬಿಣ 1,050, ಕೂಲಿ 2,500, ಹಿಡಿಕೆ 600, ರಬ್ಬರ್ 450, ಪೇಂಟ್ 400, ಕೀಲು ಮತ್ತು ಪಿನ್ನು 350, ಬೋಲ್ಟ್ ನಟ್ 300. ಒಟ್ಟು 5,650 ರೂಪಾಯಿ. ನಿಮ್ಮೂರಲ್ಲಿ ಹೆಚ್ಚುಕಮ್ಮಿ ಆಗುತ್ತೆ. ಬೋಲ್ಟ್‌ಗೆ ಹೋಗಿದ್ದು ಎಲ್ಲಕ್ಕಿಂತ ಕಮ್ಮಿ, ಜನ ಉಳಿಸೋಕೆ ಹೋಗೋದೂ ಅದರಲ್ಲೇ.

ಕಾನೂನಿನ ಮಾತು ಚಿಕ್ಕದಾಗಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರೋ ವಿವರ ತಯಾರಕರ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನ ಗಟ್ಟಿಯಾಗಿ ಹೇಳಿದೆ. ಮುರಿದ ಮೆಟ್ಟಿಲು ಸರಿ ಮಾಡಿಸೋದು ರಿಪೇರಿ. ಬಾಡಿಯಿಂದ ಹೊರಕ್ಕೆ ಚಾಚಿಕೊಂಡೇ ಇರೋ ಮೆಟ್ಟಿಲು ಕೂರಿಸೋದು ಬೇರೆ ಕಥೆ, ಪಕ್ಕದಲ್ಲಿ ಬರೋ ಬೈಕಿನವರ ಕಾಲಿಗೆ ಅದು ಕತ್ತಿ. ಹಾಗಾಗಿ ಮಡಚಿದ ಮೇಲೆ ಯಾವ ಭಾಗವೂ ಬಾಡಿಯ ಗೆರೆ ದಾಟದ ಹಾಗೆ ಮಾಡಿಸಿ. ಅದಕ್ಕಿಂತ ದೊಡ್ಡ ಬದಲಾವಣೆ ಅಂದ್ರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ. ಮಡಚೋದು ಮರೆತು ಹೊರಟ್ರೆ? ನನಗೆ ಆ ಭಯ ಇತ್ತು, ಮರದ ಪೆಟ್ಟಿಗೆ ಬಿಟ್ಟು ಬಂದ ಇತಿಹಾಸ ಇದೆಯಲ್ಲ. ಕೆಳ ಮೆಟ್ಟಿಲು ಇಳಿದಿದ್ರೆ ಡ್ಯಾಶ್‌ಬೋರ್ಡಲ್ಲಿ ಕುಂಯ್ ಅನ್ನೋ ಒಂದು ಬಜರ್, ಬಾಗಿಲ ಲೈಟಿನ ಥರದ್ದೇ ಸ್ವಿಚ್ ಹಾಕಿ, ನಾನೇ ಕೂರಿಸಿಕೊಂಡೆ. ಅದರ ಖರ್ಚು ಮೇಲಿನ ಲೆಕ್ಕದಲ್ಲಿಲ್ಲ, ಹಳೇ ಸಾಮಾನು.

ಒಂದು ವಿಷಯ ಗಮನಿಸಿದೀರಾ? ಗಾಡಿಯಲ್ಲೇ ಬದುಕೋದು ನಮ್ಮ ಸೀಮೆಗೆ ಹೊಸದೇನಲ್ಲ. ಬೋರ್‌ವೆಲ್ ಲಾರಿ ಜೊತೆ ಬರೋ ಹುಡುಗರು ತಿಂಗಳುಗಟ್ಟಲೆ ಆ ಲಾರಿಗಳಲ್ಲೇ ಮಲಗೋದು, ಅಲ್ಲೇ ಅಡುಗೆ. ಹತ್ತೋದು ಎರಡು ಕಂಬಿ ಬೆಸೆದ ಏಣಿಯಲ್ಲಿ. 2020ರಲ್ಲಿ ಕೆಎಸ್‌ಆರ್‌ಟಿಸಿ ಹಳೇ ಬಸ್ಸನ್ನ ಹೆಂಗಸರ ಶೌಚಾಲಯ ಮಾಡಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತ್ತು. ಅದರ ಫೋಟೋ ಬಂದಾಗ ಎಲ್ಲರೂ ಒಳಗೆ ಏನೇನಿದೆ ಅಂತ ನೋಡಿದ್ರು, ನಾನೂ ಸೇರಿ. ಈಗ ಅಂಥ ಯಾವ ಗಾಡಿ ಕಂಡ್ರೂ ಮೊದಲು ಕಣ್ಣು ಹೋಗೋದು ಮೆಟ್ಟಿಲಿನ ಕಡೆ.

ಅವ್ವನ ಪಟ್ಟಿ ಬಿಚ್ಚಿ ಒಂದು ವಾರ ಆಯ್ತು. ಕೈ ಇನ್ನೂ ಪೂರ್ತಿ ತಿರುಗಲ್ಲ, ರೊಟ್ಟಿ ಬಡಿಯೋಕೆ ಆಗ್ತಿಲ್ಲ, ಸದ್ಯಕ್ಕೆ ನಾನು ಬಡಿದದ್ದನ್ನೇ ಬೈಕೊಂಡು ತಿಂತಾರೆ. ಹೊಸ ಮೆಟ್ಟಿಲು ತೋರಿಸಿದೆ. ಹತ್ತಲಿಲ್ಲ. "ನೀನು ನಿಲ್ಲು ಮೊದಲು" ಅಂದ್ರು. ನಿಂತೆ. "ಅಲ್ಲಲ್ಲ, ಈ ಕಡೆ, ಅಂಚಿಗೆ ಬಾ" ಅಂದ್ರು. ಅಂಚಿಗೆ ಬಂದು ನಿಂತೆ. ಅವ್ವ ಬಗ್ಗಿ ಕೆಳಗೆ ಬೋಲ್ಟ್ ನೋಡ್ತಾ ಇದ್ರು.

ನಿಮ್ಮ ಗಾಡಿ ಕೆಳಗೆ ಬಗ್ಗಿ ನೋಡಿದಾಗ ಏನು ಕಂಡಿತು ಅಂತ ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದೆರಡು ಕೇಳಿಸ್ತೀನಿ. ಸೋಲಾರ್ ಬಗ್ಗೆ ಆಗಲೇ ಮಾತಾಡೋಣ, ಈ ಸಲ ಖಂಡಿತ.